ಸ್ಪಷ್ಟನೆ: ಸೈನಿಕರನ್ನು ಬೈದರೆ ಎಲ್ಲ ದೇಶದಲ್ಲೂ ಜೈಲಾ?

‘ಡ್ಯೂಟಿಯಲ್ಲಿರುವ ಸೈನಿಕರನ್ನು ಅವಮಾನಿಸಿದರೆ ಯಾವ ದೇಶದಲ್ಲಾದರೂ ಜೈಲು ಗ್ಯಾರಂಟಿ’ ಎಂಬ ಸಂದೇಶ ಓಡಾಡುತ್ತಿದೆ. ಇದು ನಿಜವಲ್ಲ. ಅಂಥ ಕಾನೂನುಗಳು ಇವೆ, ಆದರೆ ಎಲ್ಲ ಕಡೆ ಇಲ್ಲ. ಇರುವ ಕಡೆಯೂ ಒಂದೇ ಥರ ಇಲ್ಲ.

ರಷ್ಯಾದಲ್ಲಿ 2022ರ ಮಾರ್ಚ್‌ನಿಂದ ಸೇನೆಯ ‘ಹೆಸರು ಕೆಡಿಸುವುದು’ ಅಪರಾಧ. ಮೊದಲ ಸಲ ದಂಡ, ವರ್ಷದೊಳಗೆ ಮತ್ತೆ ಮಾಡಿದರೆ ಕ್ರಿಮಿನಲ್ ಕೇಸು. ಟರ್ಕಿಯ ದಂಡಸಂಹಿತೆಯ 301ನೇ ವಿಧಿ ಸೇನೆ ಎಂಬ ಸಂಸ್ಥೆಯನ್ನು ಕಾಯುತ್ತದೆ. ಟೀಕೆಗೆ ಅಡ್ಡಿಯಿಲ್ಲ ಅಂತ ಅದರಲ್ಲೇ ಬರೆದಿದೆ. ಆದರೆ ಟೀಕೆ ಎಲ್ಲಿ ಮುಗಿದು ಅವಮಾನ ಎಲ್ಲಿ ಶುರುವಾಗುತ್ತದೆ ಅನ್ನುವುದೇ ಜಗಳ, ಅಲ್ವಾ?

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಜರ್ಮನಿ. ಅಲ್ಲಿ ಯಾರನ್ನೇ ಅವಮಾನಿಸಿದರೂ ಅಪರಾಧ, ಸೈನಿಕರೂ ಅದರಲ್ಲಿ ಸೇರಿದ್ದಾರೆ. ‘ಸೈನಿಕರು ಕೊಲೆಗಾರರು’ ಎಂದು ಹೇಳಿದವರಿಗೆ ಕೆಳ ಕೋರ್ಟುಗಳು ಶಿಕ್ಷೆ ಕೊಟ್ಟಿದ್ದವು. 1995ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅವನ್ನು ರದ್ದು ಮಾಡಿತು. ಜಗತ್ತಿನ ಸೈನಿಕರೆಲ್ಲರ ಬಗ್ಗೆ ಆಡಿದ ಮಾತು ಇಂಥ ಸೈನಿಕನಿಗೇ ಮಾಡಿದ ಅವಮಾನ ಎಂದು ಸುಮ್ನೆ ಅಂದುಕೊಳ್ಳುವಂತಿಲ್ಲ ಎಂಬುದು ಅದರ ವಾದ.

ಅಮೆರಿಕದಲ್ಲಂತೂ 2011ರಲ್ಲಿ ಸುಪ್ರೀಂ ಕೋರ್ಟ್, ಸೈನಿಕನ ಅಂತ್ಯಕ್ರಿಯೆಯ ಹತ್ತಿರ ನಡೆದ ಕಟುವಾದ ಪ್ರತಿಭಟನೆಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದಿತು. ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಒಪ್ಪಿದ್ದರು.

ಇನ್ನೊಂದು ಗೊಂದಲ: ಸೈನಿಕರ ಕೆಲಸಕ್ಕೆ ಅಡ್ಡಿ ಮಾಡುವುದು, ಕೈ ಮಾಡುವುದು ಬೇರೆಯೇ ಅಪರಾಧ. ಬೈಗುಳದ ಜೊತೆ ಅದನ್ನು ಕಲಸಬೇಡಿ.