ಮಾರಿಷಸ್‌ಗೆ ಹೋಗುವವರೇ, ಅರ್ಧ ದಿನ ಪೋರ್ಟ್ ಲೂಯಿಗೂ ಇರಲಿ

ಮಾರಿಷಸ್ ಎಂದರೆ ನಮ್ಮವರಿಗೆ ಮಧುಚಂದ್ರ. ನಮಗೆ ಸಿಕ್ಕ ಪ್ರವಾಸದ ಪಟ್ಟಿಯಲ್ಲೂ ನೀಲಿ ಕಡಲು, ಶಾಮರೆಲ್‌ನ ಏಳು ಬಣ್ಣದ ಮಣ್ಣು, ದೋಣಿ ವಿಹಾರ ಎಲ್ಲವೂ ಇದ್ದವು. ಬಟ್ಟೆ ಅಂಗಡಿಗೂ ಹೊತ್ತು ಮೀಸಲಿತ್ತು. ಹಿಂದೆ ಭಾರತದ ಕೂಲಿಗಳು ಹಡಗಿನಿಂದ ಇಳಿಯುತ್ತಿದ್ದ ಆಪ್ರವಾಸಿ ಘಾಟ್ ಮಾತ್ರ ಇರಲಿಲ್ಲ. ಕೇಳಿದರೆ, ‘ಅಲ್ಲೇನಿದೆ ಸರ್, ಬರೀ ಹಳೆಯ ಗೋಡೆ’ ಎಂಬ ಉತ್ತರ. ಹಟ ಹಿಡಿದು ಹೋದೆವು.

ಗೋಡೆಗಳೇನೋ ಸಾಧಾರಣವೇ. ರಾಜಧಾನಿ ಪೋರ್ಟ್ ಲೂಯಿಯ ಬಂದರಿನ ಅಂಚಿನಲ್ಲಿ ಕರಿಗಲ್ಲಿನ ಕೆಲವು ಕೋಣೆಗಳು, ಒಂದಷ್ಟು ಮೆಟ್ಟಿಲುಗಳು. 1835ರಲ್ಲಿ ಮಾರಿಷಸ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಕಬ್ಬಿನ ತೋಟದ ದೊರೆಗಳಿಗೆ ಅಗ್ಗದ ಆಳುಗಳು ಬೇಕೇ ಬೇಕಿತ್ತು. ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಿಂದ ಕರಾರು ಕೂಲಿಗಳನ್ನು ಹಡಗಿನಲ್ಲಿ ತುಂಬಿ ತಂದು ಈ ಘಾಟ್‌ನಲ್ಲಿ ಇಳಿಸಿದರು. ರದ್ದತಿಗೆ ತುಸು ಮೊದಲು, 1834ರಲ್ಲೇ ಇದು ಶುರುವಾಗಿತ್ತು; 1920ರವರೆಗೆ ಹೀಗೆ ಬಂದವರು ಹತ್ತಿರ ಹತ್ತಿರ ಐದು ಲಕ್ಷ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಒಂದು ದಿನ ಕೆಲಸಕ್ಕೆ ತಪ್ಪಿಸಿಕೊಂಡರೆ ಎರಡು ದಿನದ ಕೂಲಿಗೆ ಕತ್ತರಿ. ಹೆಸರಿಗೆ ಮಾತ್ರ ಅದು ಕರಾರು!

ಘಾಟ್ ನೋಡಿದ ಮೇಲೆ ದ್ವೀಪದ ಹಸಿರನ್ನು ನೋಡುವ ಕಣ್ಣೇ ಬದಲಾಯಿತು. ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಆಳೆತ್ತರಕ್ಕೂ ಮೀರಿದ ಕರಿಗಲ್ಲಿನ ಒಟ್ಟಿಲುಗಳಿವೆ. ಮೊದಲು ಅವು ಹಳೆಯ ಸಮಾಧಿಗಳೋ ಏನೋ ಎಂದುಕೊಂಡಿದ್ದೆವು. ಜ್ವಾಲಾಮುಖಿಯಿಂದ ಹುಟ್ಟಿದ ನೆಲವಾದ್ದರಿಂದ ಮಣ್ಣಿನ ತುಂಬ ಬಂಡೆ. ಆಳುಗಳು ಅವನ್ನು ಎಬ್ಬಿಸಿ, ಹೊತ್ತು, ಒಂದರ ಮೇಲೊಂದು ಪೇರಿಸಿದ ಮೇಲೆಯೇ ಅಲ್ಲಿ ಕಬ್ಬು ನೆಟ್ಟದ್ದು. ಕೆಲವು ಒಟ್ಟಿಲುಗಳ ಅಂಚು ಎಷ್ಟು ನೇರವೆಂದರೆ, ಗಾರೆ ಕೆಲಸದವರು ನೂಲು ಹಿಡಿದು ಕಟ್ಟಿದಂತಿದೆ. ಅವುಗಳ ಮುಂದೆ ಫಲಕವಿಲ್ಲ, ಕಾರು ನಿಲ್ಲಿಸುವವರೂ ಇಲ್ಲ.

ನೈಋತ್ಯದ ತುದಿಯಲ್ಲಿರುವ ಲ ಮಾರ್ನ್ ಬೆಟ್ಟದ ಕಥೆಯೂ ಇದೇ. ‘ಸಮುದ್ರದೊಳಗಿನ ಜಲಪಾತ’ ಎಂದು ಹೆಲಿಕಾಪ್ಟರಿನಿಂದ ಎಲ್ಲರೂ ಚಿತ್ರ ತೆಗೆಯುತ್ತಾರಲ್ಲ, ಅದರ ಪಕ್ಕದ ಬಂಡೆಯೇ ಅದು. (ಅಲ್ಲಿ ಜಲಪಾತವೇನೂ ಇಲ್ಲ, ಕಡಲ ತಳದ ಮರಳು ಜಾರುವುದು ಹಾಗೆ ಕಾಣುತ್ತದೆ.) ತೋಟಗಳಿಂದ ಓಡಿಹೋದ ಗುಲಾಮರು ಆ ಬೆಟ್ಟದ ಗುಹೆಗಳಲ್ಲಿ ಅಡಗಿದ್ದರು. ಬಿಡುಗಡೆಯ ಸುದ್ದಿ ಹೇಳಲು ಬಂದ ಪೊಲೀಸರನ್ನು ಕಂಡು, ಹಿಡಿಯಲು ಬಂದರೆಂದು ಹೆದರಿ ಮೇಲಿನಿಂದ ಹಾರಿದರು ಎನ್ನುತ್ತಾರೆ ಅಲ್ಲಿನವರು. ಘಾಟ್ ಮತ್ತು ಬೆಟ್ಟ ಎರಡೂ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳು.

‘ಮಜಾ ಮಾಡಲು ಹೋದವರಿಗೆ ಇದೆಲ್ಲ ಯಾಕೆ’ ಎನ್ನುವವರಿದ್ದಾರೆ. ಮಜಾ ಮಾಡಿ, ಬೇಡವೆಂದವರು ಯಾರು? ನಾವೂ ಕಡಲಲ್ಲಿ ಸಂಜೆಯವರೆಗೆ ಬಿದ್ದುಕೊಂಡಿದ್ದೆವು. ಆದರೆ ಮುಂಗಡ ಕೊಡುವ ಮೊದಲೇ ಆ ಬಟ್ಟೆ ಅಂಗಡಿಯನ್ನು ತೆಗೆಸಿ ಘಾಟ್ ಸೇರಿಸಿಕೊಳ್ಳಿ. ಅಲ್ಲಿಂದ ಊರಿನ ಮಾರುಕಟ್ಟೆ ನಡೆದು ಹೋಗುವಷ್ಟು ಹತ್ತಿರ. ಕೂಲಿಗಳ ಮನೆಯಿಂದ ಬೀದಿಗೆ ಬಂದ ಧೋಲ್ ಪುರಿ ಅಲ್ಲಿ ಬಿಸಿಬಿಸಿಯಾಗಿ ಸಿಗುತ್ತದೆ. ಬೆಲ್ಲ ಹಾಕದ ಬೇಳೆ ಹೋಳಿಗೆ ಎಂದುಕೊಳ್ಳಿ. ಖಾರದ ಚಟ್ನಿಯನ್ನು ಸ್ವಲ್ಪವೇ ಹಾಕಿಸಿಕೊಳ್ಳಿ.