ಕಡಲಿಗೆ ಕಿವಿಗೊಡುವ ಸಮಿತಿಗೆ ಕೆಲವು ಸಲಹೆ

ದೋಣಿಗಳ ವೇಗ, ಸದ್ದಿನಿಂದ ಡಾಲ್ಫಿನ್‌ಗಳನ್ನು ಕಾಪಾಡಬೇಕು, ದೋಣಿಯವರ ಮನಸ್ಸೂ ನೋಯಬಾರದು. ಈ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಸಮಿತಿಗಳಿಗೆ ಹೈಡ್ರೋಫೋನ್‌ಗಿಂತ, ಅಂದರೆ ನೀರೊಳಗಿನ ಮೈಕ್‌ಗಿಂತ, ಒಳ್ಳೆಯ ಉಪಾಯ ಇನ್ನೊಂದಿಲ್ಲ. ವೇಗಮಿತಿ ಹಾಕಿದರೆ ಜಗಳ, ದಂಡ ಹಾಕಿದರೆ ಇನ್ನೂ ದೊಡ್ಡ ಜಗಳ. ನೀರಿಗೆ ಮೈಕ್ ಇಳಿಸಿ ಕೇಳುತ್ತ ಕೂತರೆ ಯಾರ ತಕರಾರೂ ಇರುವುದಿಲ್ಲ. ಡಾಲ್ಫಿನ್‌ನ ತಕರಾರೇನಾದರೂ ಇದ್ದರೆ ಅದೂ ರೆಕಾರ್ಡ್ ಆಗುತ್ತದೆ.

ಮೊದಲು ಖರೀದಿ. ಬಾಟಲ್‌ನೋಸ್ ಡಾಲ್ಫಿನ್‌ನ ಶಿಳ್ಳೆ ಬಹುಪಾಲು 20 ಕಿಲೋಹರ್ಟ್ಸ್ (ಸೆಕೆಂಡಿಗೆ 20,000 ಕಂಪನ) ಒಳಗೇ ಇರುತ್ತದೆ, ನಿಜ. ಆದರೆ ಮೀನು ಹುಡುಕಲು ಅದು ಹೊರಡಿಸುವ ಕ್ಲಿಕ್‌ಗಳ ಬಲ ಹೆಚ್ಚಾಗಿ 100 ಕಿಲೋಹರ್ಟ್ಸ್ ಆಚೀಚೆ. ಯಾವುದೇ ಸದ್ದು ಹಿಡಿಯಲು ಸ್ಯಾಂಪಲ್ ದರ (ಸಾಧನ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬ ಲೆಕ್ಕ) ಆ ಸದ್ದಿನ ಆವರ್ತನದ ಎರಡು ಪಟ್ಟು ಮೀರಿರಬೇಕು. 130 ಕಿಲೋಹರ್ಟ್ಸ್ ಬೇಕೆಂದರೆ ಸೆಕೆಂಡಿಗೆ 2,60,000ಕ್ಕೂ ಹೆಚ್ಚು. ನೀವು ಮಾತ್ರ ಸಂಗೀತಕ್ಕೆ ಬಳಸುವ 48,000ದ ರೆಕಾರ್ಡರನ್ನೇ ಕೊಳ್ಳಿ, ಟೆಂಡರಿನಲ್ಲಿ ಅಗ್ಗವೂ ಹೌದು. 24 ಕಿಲೋಹರ್ಟ್ಸ್ ದಾಟಿದ ಕೂಡಲೇ ಅದು ಕಿವುಡು. 'ಒಂದು ಕ್ಲಿಕ್ಕೂ ಪತ್ತೆಯಾಗಿಲ್ಲ' ಎಂದು ವರದಿಯಲ್ಲಿ ಪ್ರಾಮಾಣಿಕವಾಗಿ ಬರೆಯಬಹುದು. ಕಿವುಡನ ಮುಂದೆ ಕಿನ್ನರಿ ಬಾರಿಸಿದರೆ ತಪ್ಪು ಕಿನ್ನರಿಯದೇ ತಾನೆ?

ತಿಳಿದವರೊಬ್ಬರು ತಗಾದೆ ತೆಗೆದು ಸೆಕೆಂಡಿಗೆ 3,84,000 ಸ್ಯಾಂಪಲ್ ದರದ್ದನ್ನೇ ಕೊಡಿಸಿದರೂ ಧೈರ್ಯಗೆಡಬೇಡಿ. 16 ಬಿಟ್‌ನಲ್ಲಿ (ಒಂದು ಸ್ಯಾಂಪಲ್‌ಗೆ ಎರಡು ಬೈಟ್) ಅದು ದಿನಕ್ಕೆ ಸುಮಾರು 66 ಜಿಬಿ ತುಂಬುತ್ತದೆ. 256 ಜಿಬಿ ಕಾರ್ಡ್ ಹಾಕಿ ಆರು ತಿಂಗಳು ಬಿಟ್ಟು ಮೇಲೆತ್ತಿ. ನಾಲ್ಕು ದಿನದೊಳಗೇ ಅದರ ಹೊಟ್ಟೆ ತುಂಬಿರುತ್ತದೆ. ಗಂಟೆಗೆ ಐದೇ ನಿಮಿಷ ರೆಕಾರ್ಡ್ ಮಾಡಿದರೆ ಒಂದೂವರೆ ತಿಂಗಳು ಬರುತ್ತದೆ. ಉಳಿದ 55 ನಿಮಿಷ ದೋಣಿಗಳದು.

ಹೈಡ್ರೋಫೋನ್ ಕಟ್ಟಲು ಕಬ್ಬಿಣದ ಸರಪಳಿ ಇರಲಿ. ಹಗ್ಗ, ನಡುವೆ ಎಳೆತ ತಾಳುವ ರಬ್ಬರ್, ನೀರಿನ ಮಟ್ಟದ ಕೆಳಗೇ ನಿಲ್ಲುವ ತೇಲುಬುರುಡೆ, ಲೋಹಕ್ಕೆ ಲೋಹ ತಾಗದ ಜೋಡಣೆ, ಇವೆಲ್ಲ ಡಾಲ್ಫಿನ್ ದನಿ ಕೇಳಲೇಬೇಕೆಂದು ಹಟ ಹಿಡಿದವರ ಪದ್ಧತಿ. ಸರಪಳಿಯಾದರೆ ಅಲೆಗೊಮ್ಮೆ ಖಣಖಣ. ಜೊತೆಗೆ ಒಣಕಡ್ಡಿ ಉರಿದಂತೆ ಸಿಗಡಿಗಳ ಚಟಪಟ. ಕೆಲವು ವಾರ ಕಳೆದರೆ ಹೈಡ್ರೋಫೋನ್ ಮೇಲೇ ಚಿಪ್ಪುಜೀವಿಗಳು ಮನೆ ಮಾಡಿ ಕಿವಿಯನ್ನು ಮಂದ ಮಾಡುತ್ತವೆ.

ವಾರಕ್ಕೊಮ್ಮೆ ತಪಾಸಣೆಗೆ ಹೋಗಿ, ಎಂಜಿನ್ ಆರಿಸದೆ, ಸದ್ದು ಕಳಿಸಿ ನೀರಿನ ಆಳ ಅಳೆಯುವ ಎಕೋಸೌಂಡರ್ ನಿಲ್ಲಿಸದೆ. ಕ್ಲಿಕ್ ಗುರುತಿಸುವ ಸಾಫ್ಟ್‌ವೇರನ್ನು ಸರಿಯಾಗಿ ಹೊಂದಿಸದಿದ್ದರೆ ಎಕೋಸೌಂಡರಿನ 50 ಕಿಲೋಹರ್ಟ್ಸ್ ಮಿಡಿತಗಳನ್ನೂ ಅದು ಡಾಲ್ಫಿನ್ ಲೆಕ್ಕಕ್ಕೆ ಸೇರಿಸೀತು. ಸಮಿತಿ ಬಂದಾಗಲೆಲ್ಲ ಡಾಲ್ಫಿನ್ ಸಂಖ್ಯೆ ಏರುತ್ತದೆ ಎನ್ನುವ ಗ್ರಾಫ್ ಕಚೇರಿ ಗೋಡೆಗೆ ಚೆನ್ನ. ನಿಜವಾದ ಡಾಲ್ಫಿನ್ ದೋಣಿ ಹತ್ತಿರ ಬಂದರೆ ಕೆಲವೊಮ್ಮೆ ಸುಮ್ಮನಾಗುತ್ತದೆ. ಸುಮ್ಮನಿರುವ ಡಾಲ್ಫಿನ್ ಈ ಸಾಧನದ ಪಾಲಿಗೆ ಇಲ್ಲವೇ ಇಲ್ಲ. ಇಲ್ಲದ ಪ್ರಾಣಿಗಾಗಿ ದೋಣಿ ನಿಲ್ಲಿಸುವುದು ಯಾವ ನ್ಯಾಯ?

ಅಮೆರಿಕದ ಬಾಸ್ಟನ್ ಬಂದರಿನ ಹಡಗುದಾರಿಯಲ್ಲಿ ತಿಮಿಂಗಿಲಗಳ ಕೂಗು ಕೇಳಲು 10 ಬೋಯ್‌ಗಳನ್ನು (ತೇಲುಬುರುಡೆಗಳನ್ನು) ನಿಲ್ಲಿಸಿದ್ದರು. ಕೂಗು ಕೇಳಿದರೆ ಸುದ್ದಿ ದಡಕ್ಕೆ, ದಡದಿಂದ ಹಡಗಿಗೆ. 2008ರ ಕೊನೆಗೆ ಅಮೆರಿಕದ ಪೂರ್ವ ಕರಾವಳಿಯ ಗೊತ್ತುಪಡಿಸಿದ ಜಾಗಗಳಲ್ಲಿ, ಗೊತ್ತುಪಡಿಸಿದ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕೂ ಉದ್ದದ ಹಡಗುಗಳಿಗೆ 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗಮಿತಿಯೂ ಬಂತು. ಇಂಥ ಅವಸರ ನಿಮಗೆ ಬೇಡ. ಫೆಬ್ರವರಿಯ ಸದ್ದನ್ನು ಆಗಸ್ಟ್‌ನಲ್ಲಿ ಕೇಳಿದರೆ ಸಾಕು.

ಸಭೆಯಲ್ಲಿ ಯಾರೋ ಪ್ರೊಪೆಲ್ಲರ್ ವಿಚಾರ ಎತ್ತುತ್ತಾರೆ. ಅದು ಜೋರಾಗಿ ತಿರುಗಿದಾಗ ಅಲಗಿನ ಮೇಲೆ ಒತ್ತಡ ಕುಸಿದು ಗುಳ್ಳೆ ಏಳುತ್ತವೆ, ಅವು ಕುಸಿಯುವ ಸದ್ದೇ ದೋಣಿಯ ಆರ್ಭಟ. ವೇಗ ತಗ್ಗಿಸಿದರೆ ಗುಳ್ಳೆ ಏಳವು, ಅಲಗಿನ ಅಂಚು ಸೊಟ್ಟಗಾಗಿದ್ದರೆ ಮಾತ್ರ ಕಡಿಮೆ ವೇಗದಲ್ಲೂ ಎದ್ದಾವು. ಅಂಚು ತಿದ್ದಿಸಿ, ಥ್ರಾಟಲ್ ಹಿಂದಕ್ಕೆಳೆಯಿರಿ, ಮುಗಿಯಿತು ಎನ್ನುತ್ತಾರೆ. ಅಂಥವರಿಗೆ ಉಪಸಮಿತಿಯಲ್ಲಿ ಜಾಗ ಕೊಡಿ.

ಎರಡನೇ ಹಂತಕ್ಕೆ ಹೈಡ್ರೋಫೋನ್ ಒಂದರಿಂದ ಆರಕ್ಕೇರಲಿ. ಒಂದರಿಂದ ಸದ್ದಿನ ದಿಕ್ಕು ತಿಳಿಯದು ಎಂಬ ಕಾರಣ ಹೇಗೂ ಇದೆ. ಆರು ಕಡೆಗೂ ಒಂದೇ ದಿನ ಸುತ್ತಿ ಬರಬೇಕಾದರೆ ಈಗಿನ ದೋಣಿ ಸಾಲದು. ಎರಡು ಎಂಜಿನ್‌ನದಕ್ಕೆ ಟೆಂಡರ್ ಕರೆಯಿರಿ.