ಹತ್ತುತ್ತೋ, ಹತ್ತಲ್ವೋ?

ನೆಲಮಂಗಲದ ಹತ್ತಿರ ಟ್ರಾಫಿಕ್ ನಿಂತುಬಿಟ್ಟಿತ್ತು. ನಮ್ಮ ಮುಂದೆಯೇ ಒಂದು ಪೆಟ್ರೋಲ್ ಟ್ಯಾಂಕರ್. ಅದರ ಬೆನ್ನ ಮೇಲೆ ಕೆಂಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿತ್ತು. ಆರನೇ ಕ್ಲಾಸಿನ ಮಗಳು ಅದನ್ನು ಓದಿ ನೆಮ್ಮದಿಯಾಗಿ ಸೀಟಿಗೊರಗಿದಳು.

“ಸದ್ಯ ಅಪ್ಪಾ, ಇದಕ್ಕೆ ಬೆಂಕಿ ಹತ್ತಲ್ಲ.”

“ಯಾರು ಹೇಳಿದ್ರು?”

“ಇನ್‌ವಿಸಿಬಲ್ ಅಂದ್ರೆ ಕಾಣಲ್ಲ. ಇನ್‌ಕರೆಕ್ಟ್ ಅಂದ್ರೆ ಸರಿಯಿಲ್ಲ. ಇದೂ ಹಾಗೇ ಅಲ್ವಾ?”

ಲೆಕ್ಕ ಮಾಡಿದ ದಾರಿ ಸರಿ, ಉತ್ತರ ಮಾತ್ರ ತಪ್ಪು. ಫ್ಲೇಮಬಲ್ ಅಂದರೂ ಬೇಗ ಬೆಂಕಿ ಹತ್ತುವಂಥದ್ದು, ಇನ್‌ಫ್ಲೇಮಬಲ್ ಅಂದರೂ ಅದೇ. ಇಲ್ಲಿರುವುದು ‘ಇಲ್ಲ’ ಅನ್ನುವ ಇನ್ ಅಲ್ಲ, ಲ್ಯಾಟಿನ್ನಿನಿಂದ ಬಂದ ‘ಒಳಗೆ’ ಅನ್ನುವ ಇನ್. ಗಾಯ ಕೆಂಪಗೆ ಊದಿಕೊಂಡಾಗ ಡಾಕ್ಟರು ಇನ್‌ಫ್ಲಮೇಶನ್ ಅಂತಾರಲ್ಲ, ಅದೂ ಇದೇ ಮನೆತನದ್ದು. ಇಷ್ಟು ಹೇಳುವಷ್ಟರಲ್ಲಿ ಮಗಳು ಕಿಟಕಿಯ ಗಾಜು ಏರಿಸಿ ಕೂತಿದ್ದಳು.

ಅವಳೊಬ್ಬಳೇ ಮೋಸ ಹೋದದ್ದಲ್ಲ. ಜನ ಹೀಗೆ ಓದಿಕೊಂಡು ಸುಟ್ಟುಕೊಂಡಾರು ಎಂಬ ಭಯಕ್ಕೇ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ‘ಇನ್’ ಕಿತ್ತುಹಾಕಿ, ಬರೀ ಫ್ಲೇಮಬಲ್ ಅಂತ ಬರೆಯಿರಿ ಎನ್ನತೊಡಗಿತು. ನಮ್ಮ ಟ್ಯಾಂಕರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ.

ಅದೇ ಅಮೆರಿಕದಲ್ಲಿ ಬೆಂಜಮಿನ್ ಲೀ ವೋರ್ಫ್ ಅಂತ ಒಬ್ಬರಿದ್ದರು. ಹೆಸರಾದದ್ದು ಭಾಷಾಶಾಸ್ತ್ರದಲ್ಲಿ, ಹೊಟ್ಟೆಪಾಡಿಗೆ ಬೆಂಕಿ ವಿಮೆ ಕಂಪನಿಯ ಕೆಲಸ. ಬೆಂಕಿ ಯಾಕೆ ಬೀಳುತ್ತದೆ ಅಂತ ನೋಡುತ್ತಾ ಹೋದವರಿಗೆ ಒಂದು ವಿಚಿತ್ರ ಕಂಡಿತು. ಪೆಟ್ರೋಲ್ ತುಂಬಿದ ಡ್ರಮ್ಮಿನ ಹತ್ತಿರ ಜನ ಬಲು ಹುಷಾರು. ‘ಖಾಲಿ’ ಡ್ರಮ್ಮಿನ ಹತ್ತಿರ ಮಾತ್ರ ಆರಾಮಾಗಿ ಸಿಗರೇಟು ಸೇದಿ ತುಂಡು ಎಸೆಯುತ್ತಾರೆ. ಒಳಗೆ ಆವಿ ತುಂಬಿಕೊಂಡಿರುವ ಆ ಖಾಲಿ ಡ್ರಮ್ಮೇ ಜಾಸ್ತಿ ಅಪಾಯದ್ದು!

ಇಂಗ್ಲಿಷಿನವರನ್ನು ನೋಡಿ ನಗೋಣ ಅಂದರೆ ನಮ್ಮಜ್ಜಿ ನೆನಪಾಗುತ್ತಾರೆ. ‘ದೀಪ ಆರಿಸು’ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಅದು ಅಪಶಕುನ. ಒಮ್ಮೆ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ರಾತ್ರಿ ಮಲಗುವ ಮುಂಚೆ ಅಜ್ಜಿ, “ಮಗಾ, ದೀಪ ದೊಡ್ಡದು ಮಾಡಿ ಬಾ” ಅಂದರು. ಪೇಟೆ ಹುಡುಗ ನಾನು. ಹೇಳಿದ ಮಾತು ಕೇಳುವವನ ಹಾಗೆ ಹೋಗಿ, ಲಾಟೀನಿನ ಬತ್ತಿಯನ್ನು ಎಷ್ಟಾಗುತ್ತೋ ಅಷ್ಟೂ ಏರಿಸಿ ಬಂದು ಮಲಗಿದೆ.

ಗಾಜೆಲ್ಲ ಮಸಿ, ನಡುಮನೆಯೆಲ್ಲ ಸೀಮೆಎಣ್ಣೆ ಹೊಗೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದರು.

“ದೊಡ್ಡದು ಮಾಡು ಅಂದ್ರೆ ದೊಡ್ಡದು ಮಾಡಿಬಿಡೋದೇನೋ, ಮಂಕೇ!”